ಸುತ್ತು ಬಿಡಿ, ಗೋಡೆ ಹಿಡಿಯಿರಿ

ನೆಲಮಾಳಿಗೆ ಇಲ್ಲ, ಮಲಗುವ ಕೋಣೆಯಲ್ಲೇ ಮಾಡೆಲ್ ರೈಲಿಗೆ 4 ಅಡಿ ಅಗಲ, 8 ಅಡಿ ಉದ್ದದ ಹಲಗೆ ಹಾಕಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಗೋಡೆಗೆ ತಾಗಿಸಿ ಇಟ್ಟರೆ ಆಚೆ ತುದಿಗೆ ಕೈ ಎಟುಕುವುದಿಲ್ಲ. ಹಳಿ ತಪ್ಪಿದ ಬೋಗಿ ಎತ್ತಲು ಸುತ್ತಲೂ ಓಡಾಡುವ ಜಾಗ ಬೇಕೇ ಬೇಕು. ಅಲ್ಲಿಗೆ ಕೋಣೆಯೇ ಮುಗಿಯಿತು.

ಬದಲಿಗೆ ಗೋಡೆಗೆ 1 ಅಡಿ ಅಗಲದ ಶೆಲ್ಫ್ ಹಾಕಿ. ಎದೆ ಮಟ್ಟದಲ್ಲಿರಲಿ. ಕೆಳಗಿನ ಮೇಜು, ಕಪಾಟು ಇದ್ದಲ್ಲೇ ಇರುತ್ತವೆ. ರೈಲು ಕಣ್ಣಿನ ಹತ್ತಿರ ಬಂದಷ್ಟೂ ಚೆಂದ, ಅಲ್ವಾ?

ನಿಮ್ಮಲ್ಲಿರುವುದು ಎಚ್‌ಒ ಸ್ಕೇಲ್‌ನ ಇಂಜಿನ್, ಅಂದರೆ 1:87, ನಿಜವಾದ ರೈಲಿನ 87ರಲ್ಲಿ ಒಂದು ಪಾಲು ಅಳತೆ. 18 ಇಂಚು ತ್ರಿಜ್ಯದ ತಿರುವು ಕೊಟ್ಟರೂ ಪೂರ್ತಿ ಸುತ್ತಿಗೆ 3 ಅಡಿಗಿಂತ ಜಾಸ್ತಿ ಅಗಲ ಬೇಕು. ಅದಕ್ಕೇ ಸುತ್ತೇ ಇಲ್ಲದ, ಬೋಗಿ ಜೋಡಿಸುವ ಒಗಟಿನಂಥ ಇಂಗಲ್‌ನುಕ್ ವಿನ್ಯಾಸ ನೋಡಿ ಎನ್ನುತ್ತೇನೆ. ಹಳಿ ಬದಲಿಸುವ ಪಾಯಿಂಟ್ ಎರಡೇ, ಬೋಗಿ ನಿಲ್ಲಿಸುವ ಹಳಿ ಮೂರು. ಒಂದರಲ್ಲಿ 5 ಬೋಗಿ, ಉಳಿದೆರಡರಲ್ಲಿ ಮೂರು ಮೂರು ಹಿಡಿಯುತ್ತವೆ. 8 ಬೋಗಿಗಳಲ್ಲಿ 5ನ್ನು ಚೀಟಿ ಎತ್ತಿದ ಕ್ರಮದಲ್ಲೇ ಜೋಡಿಸಬೇಕು. ಪ್ರತಿ ಸಲವೂ ಹೊಸ ಲೆಕ್ಕ, ಬೇಜಾರೇ ಆಗುವುದಿಲ್ಲ.

ರೈಲು ಸುತ್ತುತ್ತಲೇ ಇರಬೇಕು ಅಂದರೆ ಎನ್ ಸ್ಕೇಲ್‌ಗೆ ಬದಲಾಗಿ. ಅದು 1:160. ಒಂದು ಬಾಗಿಲಿನ ಹಲಗೆಯ ಮೇಲೇ ಸುತ್ತು ಹಿಡಿಸುತ್ತದೆ.