ಫ್ರಾನ್ಸ್ ರೋಸೆನ್‌ಜ್ವೈಗ್ ಯಾರು? ಅವರ ಚಿಂತನೆಯ ತಿರುಳೇನು?

1886ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಹುಟ್ಟಿದ ಯಹೂದಿ ದಾರ್ಶನಿಕ. ಜರ್ಮನ್ ದಾರ್ಶನಿಕ ಹೆಗೆಲ್ ಮೇಲೆ ಸಂಶೋಧನೆ ಮಾಡಿದವರು. 1913ರಲ್ಲಿ ಕ್ರೈಸ್ತರಾಗಲು ಹೊರಟು, ಕೊನೆಗೆ ಯಹೂದಿಯಾಗಿಯೇ ಉಳಿದರು.

ಮುಖ್ಯ ಕೃತಿ ‘ವಿಮೋಚನೆಯ ನಕ್ಷತ್ರ’ವನ್ನು (1921) ಬರೆಯತೊಡಗಿದ್ದು ಮೊದಲ ಮಹಾಯುದ್ಧದ ಬಾಲ್ಕನ್ ರಣರಂಗದಲ್ಲಿ. ಅದು ಶುರುವಾಗುವುದೇ ಸಾವಿನ ಭಯದಿಂದ. ತತ್ವಶಾಸ್ತ್ರ ‘ಸಮಸ್ತ’ದ, ಅಂದರೆ ಎಲ್ಲವನ್ನೂ ಒಳಗೊಂಡ ಒಂದೇ ಇಡಿಯ, ಮಾತಾಡಿ ಈ ಭಯವನ್ನು ಮರೆಮಾಚುತ್ತದೆ, ಆದರೆ ಸಾಯುವುದು ಸಮಸ್ತವಲ್ಲ, ಹೆಸರಿರುವ ಒಬ್ಬ ಮನುಷ್ಯ ಎಂಬುದು ಅವರ ತಕರಾರು. ದೇವರು, ಜಗತ್ತು, ಮನುಷ್ಯ ಈ ಮೂರನ್ನು ಒಂದರಲ್ಲೊಂದು ಕರಗಿಸಲಾಗದು, ಅವುಗಳ ನಡುವೆ ಸಂಬಂಧವಷ್ಟೇ ಸಾಧ್ಯ. ಪುಸ್ತಕ ಓದಲು ಕಷ್ಟ, ಆದರೆ ಆ ಮೊದಲ ಪುಟಗಳಿಗಾಗಿಯಾದರೂ ಕೈಗೆತ್ತಿಕೊಳ್ಳಬೇಕು.

1920ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ವಯಸ್ಕರಿಗಾಗಿ ಯಹೂದಿ ವಿದ್ಯಾಕೇಂದ್ರ ಕಟ್ಟಿದರು. 1922ರಲ್ಲಿ ಎಎಲ್‌ಎಸ್ ಎಂಬ, ಸ್ನಾಯುಗಳನ್ನು ನಡೆಸುವ ನರಗಳು ಸಾಯುತ್ತ ಹೋಗುವ ಕಾಯಿಲೆ ಗೊತ್ತಾಯಿತು. ಕೈ, ನಾಲಿಗೆ ಎರಡೂ ಸೋತ ಮೇಲೂ ಪತ್ನಿ ಈಡಿತ್ ನೆರವಿನಿಂದ ಒಂದೊಂದೇ ಅಕ್ಷರ ಸೂಚಿಸಿ ಬರೆಸಿದರು. ಯಹೂದಿ ದಾರ್ಶನಿಕ ಮಾರ್ಟಿನ್ ಬೂಬರ್ ಜೊತೆ ಹೀಬ್ರೂ ಬೈಬಲನ್ನು ಜರ್ಮನ್‌ಗೆ ಅನುವಾದಿಸುತ್ತಿರುವಾಗಲೇ, 1929ರಲ್ಲಿ ತೀರಿಕೊಂಡರು.