ಕ್ರೀಸ್ ಬಿಟ್ಟು ಹೊರಬಂದ ಗೋಲ್‌ಕೀಪರ್: ನಿಮ್ಮ ಲೇಖನದ ಕುರಿತು

ಮಾನ್ಯರೇ,

ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ತನ್ನ ಕ್ರೀಸನ್ನು, ಅಂದರೆ ಗೋಲಿನ ಮುಂದಿನ ತನ್ನ ಸಣ್ಣ ಜಾಗವನ್ನು ಬಿಟ್ಟು ಹೊರಬಂದ ಕೂಡಲೇ ಉಳಿದ ಆಟಗಾರರಂತೆ ಅವನನ್ನೂ ಬಾಡಿ ಚೆಕ್ ಮಾಡುವ, ಅಂದರೆ ಮೈಯಿಂದ ಗುದ್ದಿ ಸರಿಸುವ ಹಕ್ಕು ಎದುರಾಳಿಗೆ ಇರಬೇಕೆಂದು ವಾದಿಸುವ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಾಗುತ್ತಿಲ್ಲ. ನಿಮ್ಮ ನಿಲುವನ್ನು ನಾನು ಒಪ್ಪುವುದಿಲ್ಲವೆಂಬುದು ನಿಜ, ಆದರೆ ನಾನು ಒಪ್ಪದ ಲೇಖನಗಳಿಗೂ ಈ ಪತ್ರಿಕೆಯಲ್ಲಿ ಜಾಗವಿದೆ. ತೊಡಕಿರುವುದು ವಾದ ನಿಂತಿರುವ ನೆಲದಲ್ಲಿ.

ಕ್ರೀಸಿನ ಹೊರಗೆ ಗೋಲ್‌ಕೀಪರ್‌ಗೆ ನಿಯಮದ ರಕ್ಷಣೆ ಇಲ್ಲವೆಂದು ನೀವು ಬರೆದಿದ್ದೀರಿ. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗಿನ ನಿಯಮಾವಳಿ ಇದಕ್ಕೆ ತದ್ವಿರುದ್ಧವಾದ ಮಾತನ್ನು ಹೇಳುತ್ತದೆ. ಕ್ರೀಸಿನಿಂದ ಹೊರಗಿದ್ದಾನೆ ಎಂಬ ಒಂದೇ ಕಾರಣಕ್ಕೆ ಗೋಲ್‌ಕೀಪರ್‌ನ ಮೇಲೆ ಬೀಳುವಂತಿಲ್ಲ. ಅವನು ಹೊರಗೆ ಪಕ್ (ಆಟದ ರಬ್ಬರ್ ಬಿಲ್ಲೆ) ಆಡುತ್ತಿರುವಾಗ ಆಕಸ್ಮಿಕವಾಗಿ ಮೈ ತಾಗಿದರೆ ಕ್ಷಮೆಯುಂಟು, ಆದರೆ ಎದುರಾಳಿಯು ಅದನ್ನು ತಪ್ಪಿಸಲು ತಕ್ಕಷ್ಟು ಪ್ರಯತ್ನ ಮಾಡಿರಬೇಕು. ಹೀಗಿರುವಾಗ, ರಕ್ಷಣೆ ಬೇಕೇ ಬೇಡವೇ ಎಂಬ ನಿಮ್ಮ ಪ್ರಶ್ನೆ ಬರಹದ ಮಟ್ಟಿಗೆ ಎಂದೋ ಇತ್ಯರ್ಥವಾಗಿದೆ. ಇತ್ಯರ್ಥವಾಗದೆ ಉಳಿದಿರುವುದು, ತಪ್ಪಿಸಲು ಪ್ರಯತ್ನಿಸಿದನೇ ಇಲ್ಲವೇ ಎಂಬುದನ್ನು ರೆಫರಿ ಅರೆಕ್ಷಣದಲ್ಲಿ ಹೇಗೆ ಅಳೆಯಬೇಕು ಮತ್ತು ತಪ್ಪಿತಸ್ಥನಿಗೆ ಯಾವ ಶಿಕ್ಷೆ ಸಾಕು ಎಂಬ ಪ್ರಶ್ನೆ. ನಿಮ್ಮ ಲೇಖನ ಅದನ್ನು ಮುಟ್ಟಿಯೇ ಇಲ್ಲ.

ಓದುಗರ ಕುರಿತೂ ಒಂದು ಮಾತು. ಹಾಕಿ ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವುದು ಕೊಡಗಿನ ಮೈದಾನಗಳು. ಆ ಆಟದಲ್ಲಿ ಎದುರಾಳಿಯನ್ನು ಮೈಯಿಂದ ಗುದ್ದುವುದೇ ಫೌಲ್. ಐಸ್ ಹಾಕಿಯಲ್ಲಿ ಪಕ್ ಇಟ್ಟುಕೊಂಡವನನ್ನು ಭುಜದಿಂದಲೋ ಸೊಂಟದಿಂದಲೋ ಗುದ್ದಿ ಪಕ್ಕಕ್ಕೆ ಸರಿಸುವುದು ಕಲಿತು ಮಾಡುವ, ನಿಯಮಬದ್ಧವಾದ ಆಟ ಎಂಬುದನ್ನು ಹಾಗೂ ಕ್ರೀಸ್ ಎಂದರೆ ಗೋಲಿನ ಮುಂದೆ ನೀಲಿ ಬಣ್ಣ ತುಂಬಿದ ಸಣ್ಣ ಜಾಗ ಎಂಬುದನ್ನು ಮೊದಲ ಪುಟದಲ್ಲೇ ಹೇಳದಿದ್ದರೆ, ಮುಂದಿನ ನಿಮ್ಮ ಆವೇಶವೆಲ್ಲ ಓದುಗರಿಗೆ ಅರ್ಥವಾಗದೆ ಹೋಗುತ್ತದೆ.

ಗೋಲ್‌ಕೀಪರ್ ಮೈತುಂಬ ಕವಚ ತೊಟ್ಟಿರುವುದರಿಂದ ಡಿಕ್ಕಿಯ ಭಯ ಅವನಿಗೇ ಎಲ್ಲರಿಗಿಂತ ಕಡಿಮೆ ಎಂಬುದು ನಿಮ್ಮ ಲೇಖನದ ಅತ್ಯಂತ ದುರ್ಬಲ ವಾಕ್ಯ. ಆ ಕವಚವನ್ನು ರೂಪಿಸಿರುವುದು ಗಂಟೆಗೆ ನೂರೈವತ್ತು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬರಬಲ್ಲ ರಬ್ಬರ್ ಬಿಲ್ಲೆಯನ್ನು ಎದುರಿಸಿ ತಡೆಯಲು. ಪೂರ್ಣ ವೇಗದಲ್ಲಿ ಜಾರಿಬರುವ ನೂರು ಕೆ.ಜಿ. ತೂಕದ ಮನುಷ್ಯನನ್ನು ತಾಳಿಕೊಳ್ಳಲು ಅಲ್ಲ. ಕಾಲಿಗೆ ಕಟ್ಟಿದ ಅಗಲವಾದ ಪ್ಯಾಡುಗಳು ಅವನು ಥಟ್ಟನೆ ತಿರುಗಿ ತಪ್ಪಿಸಿಕೊಳ್ಳದಂತೆ ಮಾಡುತ್ತವೆ, ಕಣ್ಣು ಪಕ್ಕಿನ ಮೇಲೆ ನೆಟ್ಟಿರುತ್ತದೆ, ಎದುರಾಳಿಯ ಗುದ್ದನ್ನು ಭುಜ ಕೊಟ್ಟು ಎದುರಿಸುವ ಅಭ್ಯಾಸವೂ ಅವನಿಗಿರುವುದಿಲ್ಲ.

2011ರ ನವೆಂಬರ್ 12ರಂದು ಬಾಸ್ಟನ್‌ನಲ್ಲಿ ನಡೆದ ಘಟನೆಯನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಅದೂ ನಿಮ್ಮ ವಾದಕ್ಕೆ ಬೆಂಬಲವೆಂಬಂತೆ. ಬಫಲೋ ಸೇಬರ್ಸ್ ತಂಡದ ಗೋಲ್‌ಕೀಪರ್ ರಯಾನ್ ಮಿಲ್ಲರ್ ಬಿಡಿಯಾಗಿ ಬರುತ್ತಿದ್ದ ಪಕ್ಕನ್ನು ದೂರ ತಳ್ಳಲು ಗೋಲಿನಿಂದ ಸಾಕಷ್ಟು ಮುಂದೆ ಬಂದಿದ್ದರು. ಬಾಸ್ಟನ್ ಬ್ರೂಯಿನ್ಸ್‌ನ ಮಿಲಾನ್ ಲುಚಿಚ್ ಅದೇ ಪಕ್ಕನ್ನು ಬೆನ್ನಟ್ಟಿ ಬಂದು ಡಿಕ್ಕಿ ಹೊಡೆದರು. ಮಿಲ್ಲರ್ ಅವರ ತಲೆಗೆ ಪೆಟ್ಟಾಗಿ, ಕನ್‌ಕಷನ್‌ನಿಂದಾಗಿ (ಮಿದುಳಿಗಾದ ಆಘಾತದಿಂದಾಗಿ) ಅವರು ಮುಂದಿನ ಪಂದ್ಯಗಳಿಂದ ಹೊರಗುಳಿಯಬೇಕಾಯಿತು. ಲುಚಿಚ್‌ಗೆ ಸಿಕ್ಕಿದ್ದು 2 ನಿಮಿಷದ ಪೆನಾಲ್ಟಿ, ಅಂದರೆ ಅಷ್ಟು ಹೊತ್ತು ತಂಡ ಒಬ್ಬ ಆಟಗಾರ ಕಡಿಮೆಯಾಗಿ ಆಡಬೇಕಾದ ಶಿಕ್ಷೆ. ಲೀಗ್ ವಿಚಾರಣೆ ನಡೆಸಿತಾದರೂ ಅಮಾನತು ಮಾಡಲಿಲ್ಲ. ಅದೇ ತಿಂಗಳು ಎರಡೂ ತಂಡಗಳು ಮತ್ತೆ ಎದುರಾದಾಗ ಬಫಲೋದ ಪಾಲ್ ಗೌಸ್ಟಾಡ್ ಲುಚಿಚ್ ಜೊತೆ ಮುಷ್ಟಿಯುದ್ಧಕ್ಕೆ ನಿಂತರು. ಅಮಾನತು ಇಲ್ಲದಿದ್ದುದೇ ಡಿಕ್ಕಿ ಸರಿ ಎಂಬುದಕ್ಕೆ ಸಾಕ್ಷಿ ಎನ್ನುತ್ತೀರಿ. ರೆಫರಿ ಅದನ್ನು ತಪ್ಪೆಂದೇ ಗುರುತಿಸಿ ಪೆನಾಲ್ಟಿ ಕೊಟ್ಟದ್ದನ್ನೂ, ನಿಯಮ ಕೊಟ್ಟ ಶಿಕ್ಷೆ ಆಟಗಾರರಿಗೆ ಸಾಲದೆನಿಸಿದಾಗ ಅವರು ಲೆಕ್ಕವನ್ನು ಮುಷ್ಟಿಯಿಂದ ಚುಕ್ತಾ ಮಾಡಲು ಹೊರಟದ್ದನ್ನೂ ಬಿಟ್ಟಿದ್ದೀರಿ. ಈ ಎರಡನ್ನೂ ಸೇರಿಸಿಕೊಂಡು ನಿಮ್ಮ ನಿಲುವನ್ನು ಉಳಿಸಿಕೊಳ್ಳಬಲ್ಲಿರಾದರೆ ಆಗ ಅದು ಗಟ್ಟಿಯಾದ ವಾದವಾಗುತ್ತದೆ.

ಡೇವಿಡ್ ಏರ್ಸ್ ಪ್ರಸಂಗವನ್ನು ನೀವು ರಂಜನೆಗೆಂದು ತಂದಿದ್ದೀರಿ. 2020ರ ಫೆಬ್ರವರಿ 22ರಂದು ಟೊರೊಂಟೊದಲ್ಲಿ, ಒಂದು ಕಾಲಕ್ಕೆ ಮೂತ್ರಪಿಂಡ ಕಸಿ ಮಾಡಿಸಿಕೊಂಡಿದ್ದ 42 ವರ್ಷದ ತುರ್ತು ಗೋಲ್‌ಕೀಪರ್ ಕೆರೊಲಿನಾ ಹರಿಕೇನ್ಸ್ ಪರ ಇಳಿದು ಪಂದ್ಯ ಗೆದ್ದುಕೊಟ್ಟದ್ದು ಮನ ಕಲಕುವ ಸಂಗತಿಯೇ ಸರಿ. ಆದರೆ ಅವರು ಇಳಿಯಬೇಕಾಗಿ ಬಂದದ್ದು ಏಕೆ? ಮೊದಲ ಗೋಲ್‌ಕೀಪರ್ ಜೇಮ್ಸ್ ರೈಮರ್ ಗಾಯಗೊಂಡು ಹೊರಹೋಗಿದ್ದರು. ಎರಡನೆಯವರಾದ ಪೆಟರ್ ಮ್ರಾಜೆಕ್ ಪಕ್ಕಿಗಾಗಿ ಕ್ರೀಸಿನಿಂದ ದೂರ ಬಂದಾಗ ಎದುರಾಳಿ ಟೊರೊಂಟೊ ತಂಡದ ಕೈಲ್ ಕ್ಲಿಫರ್ಡ್ ಅವರೊಂದಿಗೆ ಡಿಕ್ಕಿಯಾಗಿ ಬಿದ್ದರು. ನಿಮ್ಮ ವಿಷಯ ಅಲ್ಲೇ ಇತ್ತು, ನೀವು ಅದನ್ನು ದಾಟಿ ಹೋದಿರಿ. ಒಂದು ತಂಡ ಪಂದ್ಯಕ್ಕೆ ಸಜ್ಜುಗೊಳಿಸುವುದು ಇಬ್ಬರೇ ಗೋಲ್‌ಕೀಪರ್‌ಗಳನ್ನು. ಒಬ್ಬ ಮುನ್ನುಗ್ಗುವ ಆಟಗಾರ ಬಿದ್ದರೆ ಅವನ ಪಾಲನ್ನು ಉಳಿದವರು ಹಂಚಿಕೊಳ್ಳುತ್ತಾರೆ. ಗೋಲ್‌ಕೀಪರ್‌ನ ಪಾಲನ್ನು ಹಂಚಿಕೊಳ್ಳುವವರಿಲ್ಲ.

ನಿಮ್ಮ ಲೇಖನದಲ್ಲಿ ನನಗೆ ನಿಜಕ್ಕೂ ಹಿಡಿಸಿದ್ದು ನ್ಯಾಯದ ಪ್ರಶ್ನೆ ಎತ್ತುವ ಭಾಗ. ಹೊರಬಂದು ಡಿಫೆನ್ಸ್ ಆಟಗಾರನಂತೆ ಪಾಸ್ ಕೊಡುವವನು ಡಿಫೆನ್ಸ್ ಆಟಗಾರನಿಗಿರುವ ಅಪಾಯವನ್ನೂ ಹೊರಬೇಡವೇ ಎಂದು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಆದರೆ ಇದಕ್ಕೆ ಲೀಗ್ ಕೊಟ್ಟ ಉತ್ತರವನ್ನು ನೀವು ಹೆಸರಿಸಿಯೂ ಇಲ್ಲ. 2005-06ರ ಋತುವಿನಿಂದ ಗೋಲಿನ ಹಿಂದೆ ಮಂಜುಗಡ್ಡೆಯ ಮೇಲೆ ಟ್ರೆಪಿಜಾಯಿಡ್ ಆಕಾರದ ಗೆರೆಗಳನ್ನು ಎಳೆಯಲಾಯಿತು. ಗೋಲ್ ಗೆರೆಯ ಹಿಂದೆ, ಆ ಗೆರೆಗಳ ಆಚೆಯ ಮೂಲೆಗಳಲ್ಲಿ ಗೋಲ್‌ಕೀಪರ್ ಪಕ್ ಆಡಿದರೆ ಅವನ ತಂಡಕ್ಕೆ 2 ನಿಮಿಷದ ಪೆನಾಲ್ಟಿ. ನ್ಯೂಜೆರ್ಸಿ ಡೆವಿಲ್ಸ್‌ನ ಮಾರ್ಟಿನ್ ಬ್ರಾಡೂರ್ ಅವರಂಥ, ಪಕ್ ಆಡುವುದರಲ್ಲಿ ಪಳಗಿದವರ ಕೈಯನ್ನು ಇದು ಕಟ್ಟಿತು. ಅಂದರೆ ಹೊರಬರುವ ಗೋಲ್‌ಕೀಪರ್‌ನ ಅನುಕೂಲವನ್ನು ಕಡಿಮೆ ಮಾಡಲು ಲೀಗ್ ಆರಿಸಿಕೊಂಡದ್ದು ಜಾಗದ ಮಿತಿಯನ್ನು. ಅವನ ಮೈಯನ್ನು ಎದುರಾಳಿಗೆ ಒಪ್ಪಿಸಲಿಲ್ಲ. ಆ ಆಯ್ಕೆ ಸರಿಯೆಂದು ನಾನು ನಂಬುತ್ತೇನೆ, ಏಕೆಂದರೆ ಗೆರೆ ದಾಟಿದವನಿಗೆ 2 ನಿಮಿಷದ ನಷ್ಟವಾಗುತ್ತದೆ, ತಲೆಗೆ ಪೆಟ್ಟು ಬಿದ್ದವನಿಗೆ ಏನೇನು ನಷ್ಟವಾಗುವುದೆಂದು ಮೊದಲೇ ಹೇಳಲಾಗದು. ನೀವು ಒಪ್ಪದಿದ್ದರೆ, ಗೆರೆಗಿಂತ ಗುದ್ದು ಏಕೆ ಉತ್ತಮ ಎಂಬುದನ್ನು ತೋರಿಸಿ.

ಮರುಬರಹದಲ್ಲಿ ‘ಹೇಡಿತನ’, ‘ಗಂಡಸುತನ’ ಎಂಬ ಪದಗಳನ್ನು ದಯವಿಟ್ಟು ತೆಗೆದುಹಾಕಿ. ಬಾಸ್ಟನ್ ಘಟನೆಯಿಂದಲೇ ಲೇಖನ ಆರಂಭವಾಗಲಿ. ಇಬ್ಬರೂ ಎಲ್ಲಿದ್ದರು, ಪಕ್ ಎಲ್ಲಿತ್ತು, ಯಾರಿಗೆ ಪಕ್ಕಕ್ಕೆ ಸರಿಯಲು ಎಷ್ಟು ಅವಕಾಶವಿತ್ತು ಎಂಬುದನ್ನು ದೃಶ್ಯ ನೋಡಿಕೊಂಡು ನಿಧಾನವಾಗಿ ಬರೆಯಿರಿ. ಗೋಲ್‌ಕೀಪರ್ ಬೇಕೆಂದೇ ಎದುರಾಳಿಯ ದಾರಿಗೆ ಅಡ್ಡಬಂದು ಪೆನಾಲ್ಟಿ ಗಿಟ್ಟಿಸಲು ನೋಡುವ ಸಂದರ್ಭಗಳೂ ಉಂಟು. ನಿಮ್ಮ ಪಕ್ಷಕ್ಕೆ ನಿಜವಾದ ಬಲ ಬರುವುದು ಅಲ್ಲಿ, ಮತ್ತು ನಾನು ಮೇಲೆ ಹೇಳಿದ್ದರಲ್ಲಿ ಅದಕ್ಕೆ ಪೂರ್ತಿ ಉತ್ತರವಿಲ್ಲ. ಆ ಭಾಗವನ್ನು ವಿಸ್ತರಿಸಿ ಕಳುಹಿಸಿದರೆ ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ