ಅಪ್ಪನಿಗೆ ಎಂಎನ್‌ಡಿ ಇತ್ತು, ನನಗೂ ಬರುತ್ತದಾ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ, ರೇಷ್ಮೆ ನೂಲು ಬಿಚ್ಚಾಣಿಕೆ ಕಸುಬು. ಅಪ್ಪನಿಗೆ 56ರಲ್ಲಿ ಬಿಸಿನೀರಿನ ಗೂಡಿನಿಂದ ಎಳೆ ಹಿಡಿಯಲು ಬೆರಳು ಬಾರದಾಯಿತು. ಮೋಟಾರ್ ನ್ಯೂರಾನ್ ಕಾಯಿಲೆ (ಎಂಎನ್‌ಡಿ), ಸ್ನಾಯುಗಳನ್ನು ನಡೆಸುವ ನರಕೋಶಗಳೇ ಸಾಯುವ ಕಾಯಿಲೆ ಎಂದರು. ಮೂರು ವರ್ಷಕ್ಕೆ ತೀರಿಕೊಂಡರು. ಅಪ್ಪ ಅಮ್ಮನಿಗೆ ಸೋದರಮಾವ. ನನಗೀಗ 34, ಮೀನಖಂಡ ಆಗಾಗ ಪಟಪಟ ಅದುರುತ್ತದೆ. ಜೀವಕೋಶದ ವಯಸ್ಸು ಅಳೆಯುವ ಟೆಲೊಮಿಯರ್ ಪರೀಕ್ಷೆ ಮಾಡಿಸಿದರೆ ಮುಂಚೆಯೇ ಗೊತ್ತಾಗುತ್ತದಂತೆ. ಮಾಡಿಸಲೇ?

ಉತ್ತರ: ಬೇಡ. ಆ ದುಡ್ಡು ಉಳಿಸಿಕೊಳ್ಳಿ.

ಟೆಲೊಮಿಯರ್ ಎಂದರೆ ಕೋಶದೊಳಗೆ ಡಿಎನ್‌ಎ ಸುತ್ತಿಟ್ಟ ಕ್ರೋಮೋಸೋಮಿನ ತುದಿ ಕಾಯುವ ಭಾಗ. ಕೋಶ ಒಡೆದು ಎರಡಾದಾಗಲೆಲ್ಲ ಅದು ಒಂದಿಷ್ಟು ಸವೆಯುತ್ತದೆ. ಇದನ್ನು ಬಿಡಿಸಿ ಹೇಳಿದವರಿಗೆ 2009ರಲ್ಲಿ ನೊಬೆಲ್ ಬಂತು, ಅಲ್ಲಿಂದ ಮುಂದೆ ಇದೊಂದು ವ್ಯಾಪಾರವೂ ಆಯಿತು. ಆದರೆ ನಿಮ್ಮ ಅಪ್ಪನಲ್ಲಿ ಸತ್ತ ನರಕೋಶಗಳು ಹುಟ್ಟಿದ ಮೇಲೆ ಒಡೆಯುವುದೇ ಇಲ್ಲ. ಪರೀಕ್ಷೆ ನೋಡುವುದು ರಕ್ತದ ಬಿಳಿ ಕಣಗಳನ್ನು. ಎಂಎನ್‌ಡಿ ಇರುವವರ ರಕ್ತದಲ್ಲಿ ಟೆಲೊಮಿಯರ್ ಗಿಡ್ಡ ಎಂದು ಒಂದು ಅಧ್ಯಯನ ಹೇಳಿದರೆ ಇನ್ನೊಂದು ಉದ್ದ ಎನ್ನುತ್ತದೆ. ಅಂಥ ಅಳತೆ ಹಿಡಿದು ಭವಿಷ್ಯ ಹೇಳಲಾಗದು.

ಹಾಗಂತ ಮುಪ್ಪಿಗೂ ಈ ಕಾಯಿಲೆಗೂ ನಂಟಿಲ್ಲ ಎಂದಲ್ಲ. ನಂಟಿರುವುದು ಕೋಶದೊಳಗಿನ ರಿಪೇರಿ ಮತ್ತು ಕಸ ವಿಲೇವಾರಿಯಲ್ಲಿ. ಸೊಂಟದ ಮಟ್ಟದಿಂದ ಪಾದದವರೆಗೆ ಹೆಚ್ಚುಕಡಿಮೆ ಒಂದು ಮೀಟರ್ ತಂತು ಚಾಚಿಕೊಂಡ ನರಕೋಶವನ್ನು ಅರವತ್ತು ವರ್ಷ ಬದಲಿಯಿಲ್ಲದೆ ನಡೆಸುವುದು ಹುಡುಗಾಟವಲ್ಲ. ಕೆಟ್ಟ ಡಿಎನ್‌ಎ ಸರಿಪಡಿಸುವ ಕೆಲಸದಲ್ಲಿ ನೆಕ್1 ಎಂಬ ಜೀನ್ ಇದೆ, ಹಾಳಾದ ಪ್ರೋಟೀನ್ ಗುಡಿಸುವುದರಲ್ಲಿ ಟಿಬಿಕೆ1 ಮತ್ತು ಆಪ್ಟಿನ್ಯೂರಿನ್ ಇವೆ. ವಯಸ್ಸಾದಂತೆ ಎಲ್ಲರಲ್ಲೂ ಈ ಕೆಲಸ ನಿಧಾನವಾಗುತ್ತದೆ. ಇದೇ ಜೀನ್‌ಗಳಲ್ಲಿ ದೋಷವಿದ್ದವರಿಗೆ ಎಂಎನ್‌ಡಿ ಅಪಾಯ ಹೆಚ್ಚು. ಕೋಶಕೇಂದ್ರದೊಳಗೇ ಇರಬೇಕಾದ ಟಿಡಿಪಿ-43 ಪ್ರೋಟೀನ್ ಹೊರಬಂದು ಗಂಟುಗಟ್ಟುವುದು ಎಂಎನ್‌ಡಿ ಇರುವವರಲ್ಲಿ ಬಹುತೇಕ ಎಲ್ಲರ ನರಕೋಶದಲ್ಲೂ ಕಾಣುತ್ತದೆ. 2006ರಲ್ಲಿ ಪತ್ತೆಯಾದ ಸಂಗತಿ ಇದು.

2014ರಲ್ಲಿ ಸಂಶೋಧಕರು ಯಾವ ವಯಸ್ಸಿನಲ್ಲಿ ಎಷ್ಟು ಜನಕ್ಕೆ ಬರುತ್ತದೆ ಎಂಬ ಲೆಕ್ಕ ಹಿಡಿದು, ಕಾಯಿಲೆ ಶುರುವಾಗಲು ಸುಮಾರು ಆರು ಹೆಜ್ಜೆ, ಅಂದರೆ ಕೋಶಕ್ಕೆ ಒಂದರ ಮೇಲೊಂದು ಪೆಟ್ಟು, ಬೇಕು ಎಂದರು. ಸಾಡ್1 ಜೀನ್‌ನಲ್ಲಿ ದೋಷವಿದ್ದವರಿಗೆ ಎರಡೇ ಸಾಕು ಎಂದು ಆಮೇಲೆ ಕಂಡುಬಂತು. ಅಂದರೆ ಜೀನ್ ಕೆಲವು ಹೆಜ್ಜೆಗಳನ್ನು ಹುಟ್ಟುವಾಗಲೇ ಹಾಕಿಟ್ಟಿರುತ್ತದೆ, ಉಳಿದದ್ದನ್ನು ವಯಸ್ಸು ಹಾಕುತ್ತದೆ. ಹುಟ್ಟಿನಿಂದ ದೋಷವಿದ್ದವರೂ ದಶಕಗಟ್ಟಲೆ ಗಟ್ಟಿಮುಟ್ಟಾಗಿರುವುದು ಅದಕ್ಕೇ.

ಈಗ ನಿಮ್ಮ ಮನೆಯ ಮಾತು. ವಂಶದಲ್ಲಿ ಹರಿದು ಬರುವ ಎಂಎನ್‌ಡಿ ನೂರಕ್ಕೆ ಸುಮಾರು ಹತ್ತು. ಇಡೀ ಮನೆತನದಲ್ಲಿ ಅಪ್ಪ ಒಬ್ಬರೇ ಆಗಿದ್ದರೆ ನಿಮ್ಮ ಅಪಾಯ ಉಳಿದವರಿಗಿಂತ ತುಸು ಹೆಚ್ಚು, ಅಷ್ಟೇ. ಸೋದರಮಾವನ ಸಂಬಂಧದ ಬಗ್ಗೆ ಕೊರಗಬೇಡಿ. ಗೊತ್ತಿರುವ ಹೆಚ್ಚಿನ ಎಂಎನ್‌ಡಿ ಜೀನ್‌ಗಳು ಒಬ್ಬ ಪೋಷಕರಿಂದ ಬಂದರೂ ಸಾಕು ಎನ್ನುವಂಥವು. ಆಪ್ಟಿನ್ಯೂರಿನ್‌ನಂಥ ಕೆಲವಕ್ಕೆ ಮಾತ್ರ ಇಬ್ಬರ ಕಡೆಯಿಂದಲೂ ದೋಷ ಬರಬೇಕಾಗಬಹುದು. ಅದಕ್ಕಿಂತ ಮುಖ್ಯ: ಐವತ್ತರ ಆಸುಪಾಸಿನಲ್ಲೇ ಸ್ವಭಾವ ತಿರುಗಿ ಬುದ್ಧಿ ಮಂಕಾದವರು ನೆಂಟರಲ್ಲಿದ್ದರೇ ಎಂದು ಹಿರಿಯರನ್ನು ಕೇಳಿ. ಕೆಲವು ಜೀನ್‌ಗಳು ಒಬ್ಬರಲ್ಲಿ ಎಂಎನ್‌ಡಿ ಆಗಿ, ಇನ್ನೊಬ್ಬರಲ್ಲಿ ಹಾಗೆ ಕಾಣಿಸಿಕೊಳ್ಳುತ್ತವೆ.

ಬರೀ ಅದುರುವುದು ಎಂಎನ್‌ಡಿ ಅಲ್ಲ. ನಿದ್ದೆಗೆಟ್ಟರೆ, ಕಾಫಿ ಹೆಚ್ಚಾದರೆ, ದಿನವಿಡೀ ನಿಂತು ದುಡಿದರೆ ಯಾರ ಮೀನಖಂಡವೂ ಅದುರುತ್ತದೆ. ನಾವು ನೋಡುವುದು ಬಲವನ್ನು. ಹಿಮ್ಮಡಿ ಮೇಲೆ ಹತ್ತು ಹೆಜ್ಜೆ ನಡೆಯಿರಿ. ಹೆಬ್ಬೆರಳು–ತೋರುಬೆರಳ ನಡುವಿನ ಉಬ್ಬು ಮಾಂಸ ನೋಡಿಕೊಳ್ಳಿ. ಈ ಕಾಯಿಲೆಯಲ್ಲಿ ಕಿರುಬೆರಳ ಕಡೆ ತುಂಬಿಕೊಂಡೇ ಇರುವಾಗ ಇಲ್ಲಿ ಗುಳಿ ಬೀಳುತ್ತದೆ. ಎರಡೂ ಸರಿಯಿದ್ದರೆ ನಿಶ್ಚಿಂತೆಯಿಂದಿರಿ. ಇನ್ನು ನಮ್ಮ ಬಾಗೇಪಲ್ಲಿ, ಪಾವಗಡದ ಕಡೆ ಕಾಲು ಸೆಟೆದುಕೊಂಡ ತಕ್ಷಣ ಇದೇ ಕಾಯಿಲೆ ಎಂದು ಹೆದರುತ್ತಾರೆ. ಕೊಳವೆಬಾವಿಯ ಫ್ಲೋರೈಡ್‌ನಿಂದ ಮೂಳೆ ದಪ್ಪವಾಗಿ ಬೆನ್ನುಹುರಿ ಅದುಮಿಕೊಂಡರೂ ಹಾಗಾಗುತ್ತದೆ, ಅದಕ್ಕೆ ಬೇರೆ ಚಿಕಿತ್ಸೆ ಇದೆ.

ಜೀನ್ ಪರೀಕ್ಷೆ ಕಾಯಿಲೆ ಬಂದವರಿಂದಲೇ ಶುರುವಾಗಬೇಕು. ಅಪ್ಪನ ರಕ್ತ ಈಗ ಸಿಗದು. ಆದ್ದರಿಂದ ಅವರ ಇಎಂಜಿ (ನರ-ಸ್ನಾಯುವಿನ ವಿದ್ಯುತ್ ಪರೀಕ್ಷೆ) ವರದಿ ಮತ್ತು ಮನೆತನದ ಮೂರು ತಲೆಮಾರಿನ ಪಟ್ಟಿ ಹಿಡಿದು ನಿಮ್ಹಾನ್ಸ್‌ನಂಥ ಕಡೆ ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ವಂಶದ ಕಾಯಿಲೆ ಬಗ್ಗೆ ಸಲಹೆ, ಕೇಳಿ. ಸಾಡ್1 ದೋಷಕ್ಕೆ 2023ರಲ್ಲಿ ಅಮೆರಿಕ ಟೋಫರ್ಸೆನ್ ಎಂಬ ಔಷಧಿಗೆ ಒಪ್ಪಿಗೆ ಕೊಟ್ಟ ಮೇಲೆ, ಜೀನ್ ತಿಳಿದು ಮಾಡುವುದೇನು ಎಂಬ ಪ್ರಶ್ನೆಗೆ ಸ್ವಲ್ಪವಾದರೂ ಉತ್ತರ ಸಿಕ್ಕಿದೆ. ರಕ್ತ ಕೊಡುವ ಮುಂಚೆ ಒಡಹುಟ್ಟಿದವರ ಜೊತೆ ಕೂತು ಮಾತಾಡಿ. ನಿಮ್ಮಲ್ಲಿ ದೋಷ ಸಿಕ್ಕರೆ ಅವರಿಗೂ ಅದು ಬಂದಿರಬಹುದು, ಅದನ್ನು ತಿಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರೇ.